ಒಂದು ಮುಚ್ಚಳ ಜೇನು

ಆ ಅಂಗಳದಲ್ಲಿ ಬೆಳಗಾಗುತ್ತಿದ್ದದ್ದು ಸೂರ್ಯನಿಂದಲ್ಲ, ಕೆಮ್ಮಿನಿಂದ. ಅಲ್ಲಿದ್ದ ಒಂಬತ್ತು ಲಾರಿಗಳೂ ಗಿರಣಿಯಿಂದ ಬೇಕರಿಗಳಿಗೆ ಹಿಟ್ಟಿನ ಮೂಟೆ ಸಾಗಿಸುವಂಥವು. ಹಿಟ್ಟು ಅಂದರೆ ಮೂಟೆಯೊಳಗೆ ಸುಮ್ಮನೆ ಕೂತಿರುವ ವಸ್ತುವಲ್ಲ. ಸೀಟಿನ ಮೇಲೆ, ಸ್ಟೀರಿಂಗಿನ ಮೇಲೆ, ಕಿವಿಯ ಮಡಿಕೆಯಲ್ಲಿ, ಊಟದ ಡಬ್ಬಿಯಲ್ಲಿ, ಎಲ್ಲೆಲ್ಲೂ ಅದೇ. ಡ್ರೈವರುಗಳ ಹುಬ್ಬು ಮೀಸೆಗಳೆಲ್ಲ ವಯಸ್ಸಿಗೆ ಮೊದಲೇ ಬೆಳ್ಳಗಾಗಿದ್ದವು; ಮನೆಗೆ ಹೋಗಿ ಮುಖ ತೊಳೆದರೆ ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು.

ಅಂಗಳದ ಒಡತಿಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಂಬತ್ತು ಲಾರಿಯನ್ನೂ ಒಂಬತ್ತು ಡ್ರೈವರುಗಳನ್ನೂ ಮಕ್ಕಳ ಹಾಗೆ ನೋಡಿಕೊಂಡು ಬಂದವಳು. ಆಫೀಸೆಂಬ ಆ ಒಂದೇ ಕೋಣೆಯ ಗೋಡೆಯಲ್ಲಿ ಒಂಬತ್ತು ಮೊಳೆ, ಮೊಳೆಗೊಂದು ಕೀಲಿಕೈ. ಬೆಳಗ್ಗೆ ಡ್ರೈವರುಗಳು ಕಿಟಕಿಯ ಹೊರಗೆ ಸಾಲಾಗಿ ನಿಲ್ಲುವರು. ದೊಡ್ಡಮ್ಮ ಕೀಲಿಕೈ ತೆಗೆದು, ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ ಅವರ ಅಂಗೈಗೆ ಇಡುವಳು. ಹಾಗೆ ಇಸಿದುಕೊಳ್ಳದೆ ಲಾರಿ ಚಾಲೂ ಮಾಡಿದವರು ಆ ಅಂಗಳದಲ್ಲಿ ಒಬ್ಬರೂ ಇಲ್ಲ.

ಆದರೆ ಸಾಲಿನಲ್ಲಿ ನಿಂತು ಯಾರಾದರೂ ಕೆಮ್ಮಿದರೋ, ಕೀಲಿಕೈ ಮತ್ತೆ ಮೊಳೆಗೆ. ದೇವರ ಪಟದ ಪಕ್ಕದಿಂದ ಒಂದು ದಪ್ಪ ಗಾಜಿನ ಬಾಟಲಿ ಇಳಿಯುತ್ತಿತ್ತು.

"ಬಾಯಿ ತೆಗಿ."

"ದೊಡ್ಡಮ್ಮ, ಬರೀ ಧೂಳು…"

"ಧೂಳಿಗೂ ಇದೇ. ತೆಗಿ."

ಒಂದು ಮುಚ್ಚಳ ಜೇನು ಗಂಟಲಿಗೆ ಇಳಿದ ಮೇಲೇ ಕೀಲಿಕೈ ಕೈಗೆ. ಕೆಮ್ಮು ಕಾಲು ಗಂಟೆಯಲ್ಲಿ ಮಾಯ. ದೊಡ್ಡಮ್ಮನ ಕೈಗುಣ ಅಂತ ಎಲ್ಲರೂ ನಂಬಿದ್ದರು. ದೊಡ್ಡಮ್ಮನೂ ನಂಬಿದ್ದಳು.

ಬಾಟಲಿಯಲ್ಲಿ ಅರ್ಧ ಜೇನು. ಇನ್ನರ್ಧ, ಹನ್ನೊಂದು ವರ್ಷದ ಹಿಂದೆ ಅವಳಿಗೇ ಬಿಡದ ಕೆಮ್ಮು ಹತ್ತಿದಾಗ ದೊಡ್ಡ ಡಾಕ್ಟರು ಬರೆದುಕೊಟ್ಟ ಔಷಧಿ. ಆ ಚೀಟಿ ನಾಲ್ಕು ಮಡಿಕೆಯಲ್ಲಿ ನಾಲ್ಕು ತುಂಡಾಗಿತ್ತು. ಔಷಧಿ ಅಂಗಡಿಯವನು ಈಗ ಚೀಟಿ ನೋಡುತ್ತಿರಲಿಲ್ಲ, ಅವಳ ಮುಖ ನೋಡಿಯೇ ಕೊಡುತ್ತಿದ್ದ. ಬರೀ ಔಷಧಿ ಕಹಿ, ಪಾಪ ಹುಡುಗರು ಮುಖ ಸೊಟ್ಟ ಮಾಡುತ್ತಾರೆ ಎಂದು ಅವಳು ಜೇನು ಬೆರೆಸಿದ್ದಳು. ಹುಡುಗರು ಅಂದರೆ ನಲವತ್ತು, ಐವತ್ತರ ಮೇಲಿನವರೇ. ಇದನ್ನು ಅವಳೇನೂ ಬಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ.

ಕೇಳುವ ಕಾಲ ಬಂದದ್ದು ಸೊಸೆಯಿಂದ.

ಸೊಸೆಗೆ ಒಂದು ಅಭ್ಯಾಸವಿತ್ತು. ಯಾವ ಕಾಗದ ಬಂದರೂ ಕೊನೆಯವರೆಗೆ ಓದುತ್ತಿದ್ದಳು. ಕಾಗದವನ್ನು ಕೊನೆಯವರೆಗೆ ಓದುವುದೆಂದರೆ ದೇವರ ಮೇಲೆ ನಂಬಿಕೆ ಇಲ್ಲದವರ ಲಕ್ಷಣ ಎಂದು ದೊಡ್ಡಮ್ಮನ ಅಭಿಪ್ರಾಯ. ಆದರೂ ಇಬ್ಬರಿಗೂ ಹೊಂದಾಣಿಕೆ ಚೆನ್ನಾಗಿತ್ತು. ಮಗ ಮಾತ್ರ ಯಾವಾಗಲೂ ಯಾವುದಾದರೊಂದು ಲಾರಿಯ ಅಡಿಯಲ್ಲಿ ರಿಪೇರಿ ಮಾಡುತ್ತ ಮಲಗಿರುವವನು. ಅಂಗಳಕ್ಕೆ ಅವನ ಪಾದಗಳ ಪರಿಚಯ ಮುಖಕ್ಕಿಂತ ಹೆಚ್ಚು.

"ಅತ್ತೆ, ಕೇಳಿ ಇಲ್ಲಿ. ಹೊಸ ಕಾನೂನು ಬಂದಿದೆ. ಅಮಲು ಪದಾರ್ಥ ಮೈಯಲ್ಲಿಟ್ಕೊಂಡು ಗಾಡಿ ಓಡಿಸಿದ್ರೆ ಡ್ರೈವರ್‌ದು ತಪ್ಪು. ಗೊತ್ತಿದ್ದೂ ಬಿಟ್ಟಿದ್ರೆ ಮಾಲೀಕರದೂ ತಪ್ಪು."

"ಸರಿಯಾಗೇ ಇದೆ."

"ಗೊತ್ತಿರ್ಲಿಲ್ಲ ಅಂದ್ರೂ ಬಿಡಲ್ವಂತೆ. ಗೊತ್ತು ಮಾಡ್ಕೊಳ್ಳೋಕೆ ನೀವೇನು ಮಾಡಿದ್ರಿ ಅಂತ ಕೇಳ್ತಾರಂತೆ."

"ಯಾರು ಕೇಳೋದು?"

"ಇನ್‌ಸ್ಪೆಕ್ಟರು."

"ದೇವರು ಮೊದಲಿಂದ್ಲೂ ಅದನ್ನೇ ಕೇಳ್ತಾ ಇದಾನೆ. ಇವರಿಗೆ ಈಗ ಹೊಳೀತು ನೋಡು."

ಮೊದಲ ಪುಟ ಗಾಂಜಾದ ಬಗ್ಗೆ, ಎರಡನೆಯದು ಪುಡಿಗಳ ಬಗ್ಗೆ, ಮೂರನೆಯದು ಪರೀಕ್ಷೆಯ ಬಗ್ಗೆ. ಅಷ್ಟರವರೆಗೆ ದೊಡ್ಡಮ್ಮ ಹೂಂಗುಟ್ಟಿದಳು. ನಾಲ್ಕನೇ ಪುಟ ಬರುವಷ್ಟರಲ್ಲಿ ಫ್ಯಾನಿನ ರೆಕ್ಕೆಯ ಮೇಲೆ ಒಂದು ಗುಬ್ಬಿ ಬಂದು ಕೂತಿತು. ಅದು ಹಾರಿಹೋಗುವ ತನಕ ಸ್ವಿಚ್ಚನ್ನು ಕಾಯುವುದೇ ಅವಳಿಗೆ ಕೆಲಸವಾಯಿತು. ಸೊಸೆ ಓದುತ್ತಲೇ ಇದ್ದಳು. ಕಿಟಕಿಯಾಚೆ ಲೋಡಿನ ಚೀಟಿಗೆ ಕಾಯುತ್ತ ನಿಂತ ಒಬ್ಬ ಡ್ರೈವರು ಮಾತ್ರ ಅದನ್ನು ಕೇಳಿಸಿಕೊಳ್ಳುತ್ತಿದ್ದ.

ಅವನು ಸನ್ಯಾಸಿ. ಹೆಂಡತಿ, ಮೂರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು ಇದ್ದ ಸನ್ಯಾಸಿ. ಬೀಡಿ ಇಲ್ಲ, ಕುಡಿತ ಇಲ್ಲ, ಚಹಾ ಕೂಡ ಇಲ್ಲ. ಅದಕ್ಕೆ ಆ ಹೆಸರು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಕೋಳಿಮರಿಯನ್ನೂ ಹೆದರಿಸಿದವನಲ್ಲ. ಕೇಕು ಮಾಡುವ ಬೇಕರಿಗಳ ನುಣ್ಣನೆಯ ಹಿಟ್ಟನ್ನು ಅವನ ಲಾರಿಗೇ ಹಾಕುತ್ತಿದ್ದರು, ಏಕೆಂದರೆ ಮೂಟೆ ಅಲುಗದ ಹಾಗೆ ಓಡಿಸುವವನು ಅವನೊಬ್ಬನೇ. ಆ ಲಾರಿ ಎಲ್ಲಕ್ಕಿಂತ ಹಳೆಯದು, ಅದರ ಹಿಂದಿನ ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ. ನುಣ್ಣನೆಯ ಹಿಟ್ಟು, ಮುಚ್ಚದ ಕಿಟಕಿ. ಉಳಿದವರು ವಾರಕ್ಕೊಮ್ಮೆ ಕೆಮ್ಮಿದರೆ ಸನ್ಯಾಸಿ ದಿನಾ ಕೆಮ್ಮುತ್ತಿದ್ದ. ದಿನಾ ಒಂದು ಮುಚ್ಚಳ.

"ಮನೆ ನಿಯಮ ಅಂತ ನಾವೂ ಒಂದು ಬರೀಬೇಕಂತೆ ಅತ್ತೆ. ಸಿಕ್ಕಿಬಿದ್ದವರಿಗೆ ಏನು ಮಾಡೋದು?"

ಗುಬ್ಬಿ ಹಾರಿತ್ತು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ನ್ಯಾಯಾಧೀಶೆಯಾದಳು.

"ಅಮಲು ಸಿಕ್ಕಿದವರು ಹದಿನೈದು ದಿನ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ. ಗೇಟ್ ಹತ್ರ ಸ್ಟೂಲ್ ಮೇಲೆ ಕೂತು, ಸೀಟಿ ಊದಿ, ಬರೋರು ಹೋಗೋರಿಗೆ ಗೇಟು ತೆಗೆದು ಹಾಕಬೇಕು."

"ಯಾರೇ ಆದ್ರೂ?"

"ಯಾರೇ ಆದ್ರೂ. ನಿನ್ನ ಗಂಡ ಆದ್ರೂ ಸೈ. ನಾನಾದ್ರೂ ಸೈ. ಬರಿ, 'ಯಜಮಾನಿಯೂ ಸೇರಿ' ಅಂತ ದಪ್ಪಕ್ಷರದಲ್ಲಿ ಬರಿ."

ಮೂರನೇ ಲಾರಿಯ ಅಡಿಯಿಂದ ಎರಡು ಪಾದಗಳು ನಕ್ಕವು.

ಪರೀಕ್ಷೆಯ ದಿನ ಎಲ್ಲರೂ ಕೀಲಿಕೈ ಇಸಿದುಕೊಂಡ ಮೇಲೆ ಸೊಸೆ ಅಂಗಳದ ಮಧ್ಯೆ ಮೇಜು ಹಾಕಿಸಿದಳು. ಮೇಜಿನ ಮೇಲೆ ಪೊಟ್ಟಣಗಳು. ಒಳಗೆ ಕೂದಲಿಲ್ಲದ ಹಲ್ಲುಜ್ಜುವ ಬ್ರಷ್ಷಿನಂಥ ಒಂದು ಕಡ್ಡಿ. ಅದನ್ನು ನಾಲಿಗೆಯಡಿ ಒತ್ತಿಹಿಡಿದು, ಒಂದು ಪುಟ್ಟ ಡಬ್ಬಿಗೆ ಸಿಕ್ಕಿಸಿ, ಹತ್ತು ನಿಮಿಷ ಕಾಯಬೇಕು. ಡಬ್ಬಿಗೆ ಐದು ಕಿಂಡಿ. ಐದರಲ್ಲೂ ಕೆಂಪು ಗೆರೆ ಮೂಡಿದರೆ ಮನುಷ್ಯ ಶುದ್ಧ. ಯಾವ ಕಿಂಡಿಯಲ್ಲಿ ಗೆರೆ ಮೂಡಲಿಲ್ಲವೋ ಆ ಅಮಲು ಮೈಯಲ್ಲಿದೆ ಎಂದರ್ಥ.

"ನಂದು ಗಂಡೋ ಹೆಣ್ಣೋ ನೋಡಿ ಹೇಳಮ್ಮಾ," ಎಂದ ಒಬ್ಬ. ಅಂಗಳವೆಲ್ಲ ಗೊಳ್ಳೆಂದಿತು.

ಎಲ್ಲರ ಕಣ್ಣೂ ಗುಡುಗಿನ ಮೇಲೆ. ಗುಡುಗು ಎಂದರೆ ಎರಡನೇ ಲಾರಿಯ ಡ್ರೈವರು. ಅವನು ಮೆಲ್ಲಗೆ ಮಾತಾಡಿದರೂ ಮೂರನೇ ಬೀದಿಗೆ ಕೇಳುತ್ತಿತ್ತು. ಕಣ್ಣು ಸದಾ ಕೆಂಡ, ತಲೆ ಸದಾ ಕೆದರಿದ್ದು. ಸೊಸೆ ಅವನಿಗೆಂದೇ ಗುಟ್ಟಾಗಿ ಎರಡು ಪೊಟ್ಟಣ ಎತ್ತಿಟ್ಟಿದ್ದಳು. ಅವನ ಡಬ್ಬಿಯಲ್ಲಿ ಐದು ಗೆರೆ ಚಕಚಕನೆ ಮೂಡಿದವು.

"ಯಾಕ್ರೋ, ಎಲ್ಲರ ಮುಖ ಬಾಡೋಯ್ತು?" ಗುಡುಗು ಗುಡುಗಿದ. "ನಾನು ಶುದ್ಧ ಇದ್ರೆ ನಿಮಗೇನು ಹೊಟ್ಟೆನೋವು? ಸಕ್ಕರೆ ಕಾಯಿಲೆ ಅಂತ ದೊಡ್ಡಮ್ಮನ ಜೇನೂ ನಸೀಬಿಲ್ಲ ನನಗೆ!"

ಕೊನೆಯವನು ಸನ್ಯಾಸಿ. ಅವನ ಹತ್ತು ನಿಮಿಷ ಯಾರೂ ಕಾಯಲಿಲ್ಲ, ಆಗಲೇ ಲಾರಿ ಹತ್ತತೊಡಗಿದ್ದರು. ಸೊಸೆ ಡಬ್ಬಿ ನೋಡಿದಳು. ಒಮ್ಮೆ ಅಲ್ಲಾಡಿಸಿದಳು. ಬಿಸಿಲಿಗೆ ಹಿಡಿದಳು. ನಾಲ್ಕು ಗೆರೆ. ಐದನೆಯ ಕಿಂಡಿ, ಅಫೀಮಿನದು, ಖಾಲಿ.

ಗುಡುಗಿಗೆಂದು ಎತ್ತಿಟ್ಟಿದ್ದ ಪೊಟ್ಟಣ ಈಗ ಕೆಲಸಕ್ಕೆ ಬಂತು. ಮತ್ತೆ ಹತ್ತು ನಿಮಿಷ. ಈ ಸಲ ಒಂಬತ್ತು ಲಾರಿಯ ಎಂಜಿನ್ನೂ ನಿಂತು ಕಾದವು. ಮತ್ತೆ ನಾಲ್ಕೇ ಗೆರೆ.

"ಯಂತ್ರ ಕೆಟ್ಟಿದೆ," ಅಂದಳು ದೊಡ್ಡಮ್ಮ.

"ಎಂಟು ಜನಕ್ಕೆ ಕೆಟ್ಟಿರ್ಲಿಲ್ವಲ್ಲ ಅತ್ತೆ."

"ಒಂಬತ್ತನೆಯವನಿಗೆ ಕೆಟ್ಟಿತು. ಏನೀಗ?"

ಸನ್ಯಾಸಿ ಮೆಟ್ಟಿಲು ಹತ್ತಿ ಆಫೀಸಿಗೆ ಹೋಗಿ ತನ್ನ ಕೀಲಿಕೈಯನ್ನು ತಾನೇ ಮೊಳೆಗೆ ಹಾಕಿದ. ಹೊರಗೆ ಬಂದು, ಸ್ಟೂಲನ್ನು ಎತ್ತಿಕೊಂಡು, ಗೇಟಿನ ಪಕ್ಕ ಇಟ್ಟು, ಅದರ ಮೇಲಿನ ಹಿಟ್ಟು ಒರೆಸಿ ಕೂತ. ಆಮೇಲೆ ಕೈ ಚಾಚಿದ.

"ಸೀಟಿ ಕೊಡಿ."

ಹದಿನೈದು ದಿನದ ಗೇಟು ದೊಡ್ಡ ವಿಷಯವಲ್ಲ. ವಿಷಯ ಬೇರೆಯಿತ್ತು. ಮುಂದಿನ ತಿಂಗಳು ಸನ್ಯಾಸಿಗೆ ಅರವತ್ತು ತುಂಬುತ್ತಿತ್ತು. ಅರವತ್ತಕ್ಕೆ ಲೈಸೆನ್ಸ್ ಆಫೀಸಿನವರು ಡ್ರೈವರನ ಕಡತ ಬಿಚ್ಚಿ ನೋಡಿ, ಇನ್ನೈದು ವರ್ಷ ಓಡಿಸಲಿ ಅಥವಾ ಸಾಕು ಅನ್ನುತ್ತಾರೆ. ಸನ್ಯಾಸಿಯ ಕಡತದಲ್ಲಿ ಮೂವತ್ತನಾಲ್ಕು ವರ್ಷದ ಖಾಲಿ ಹಾಳೆ. ಈಗ ಅವನ ಉಗುಳಿನ ಮಾದರಿ ಮೊಹರು ಹಾಕಿಸಿಕೊಂಡು ಪ್ರಯೋಗಾಲಯಕ್ಕೆ ಹೋಗಿತ್ತು. ಅಲ್ಲಿಂದ ಹೌದು ಎಂದು ಬಂದರೆ ಆ ಹಾಳೆಯ ಮೇಲೆ ಒಂದೇ ಒಂದು ಸಾಲು ಬೀಳುತ್ತಿತ್ತು. ಆ ಸಾಲು ಹೊತ್ತ ಅರವತ್ತರ ಮನುಷ್ಯನಿಗೆ ಸ್ಟೀರಿಂಗ್ ಕೊಡುವವರು ಯಾರು? ಮನೆಯಲ್ಲಿ ಕುರ್ಚಿಯ ಮೇಲೆ ಕೂತರೂ ಅವನ ಬಲಗಾಲು ಬ್ರೇಕ್ ಹುಡುಕುತ್ತಿತ್ತು. ಲಾರಿ ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಇರಲಿಲ್ಲ.

ಸೊಸೆ ಫಾರಂ ಹಿಡಿದು ಗೇಟಿಗೆ ಬಂದಳು. ಮಾಲೀಕರ ಹೇಳಿಕೆ ಎಂಬ ಖಾನೆ ತುಂಬಬೇಕಿತ್ತು, ಶುಕ್ರವಾರ ಇನ್‌ಸ್ಪೆಕ್ಟರು ಬರುವವರಿದ್ದರು.

"ಬೆಳಗ್ಗೆ ಏನು ತಿಂದ್ರಿ?"

"ಬ್ರೆಡ್ಡು."

"ಅದರ ಜೊತೆ?"

"ಇನ್ನೊಂದು ಬ್ರೆಡ್ಡು."

"ಮಾತ್ರೆ ಏನಾದ್ರೂ?"

"ಇಲ್ಲಮ್ಮ."

"ಯಾರಾದ್ರೂ ಏನಾದ್ರೂ ಕೊಟ್ರಾ? ಚಾಕಲೇಟು, ಕಷಾಯ, ಏನಾದ್ರೂ?"

ಸನ್ಯಾಸಿ ಒಂದು ಗಳಿಗೆ ಆಫೀಸಿನ ಕಿಟಕಿಯ ಕಡೆ ನೋಡಿದ. ಸೊಸೆ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು, ಅವಳ ಕಣ್ಣಿಗೆ ಅದು ಬೀಳಲಿಲ್ಲ.

"ಯಾರೂ ಏನೂ ಕೊಟ್ಟಿಲ್ಲ," ಅಂದ.

ಎರಡು ದಿನ ಅಂಗಳಕ್ಕೆ ಗ್ರಹಣ ಹಿಡಿದಂತಾಯಿತು. ಸನ್ಯಾಸಿ ಊದುವ ಸೀಟಿ ಅವನಷ್ಟೇ ಮೆತ್ತಗೆ, ಲಾರಿಯವರಿಗೆ ಕೇಳಿಸುತ್ತಲೇ ಇರಲಿಲ್ಲ. ಗೇಟಿನಲ್ಲಿ ಎರಡು ಸಲ ಕನ್ನಡಿಗೆ ಕನ್ನಡಿ ತಾಗಿತು. ಅವನ ಹಳೆಯ ಲಾರಿಯನ್ನು ಗುಡುಗಿಗೆ ಕೊಟ್ಟರು. ಗುಡುಗು ಕೇಕಿನ ಹಿಟ್ಟು ಸಾಗಿಸಿ ಬಂದಾಗ ಹನ್ನೆರಡು ಮೂಟೆ ಒಡೆದು, ಅವನು ಮೇಲಿಂದ ಕೆಳಗೆ ಸುಣ್ಣ ಬಳಿದ ಗೋಡೆಯಾಗಿದ್ದ.

"ಆ ಗಾಡಿಗೆ ನಾನು ಒಗ್ಗಲ್ಲ ದೊಡ್ಡಮ್ಮ," ಎಂದು ಕಿಟಕಿಯಲ್ಲಿ ಕೂಗಿದ. "ಗೇರು ಹಾಕೋಕೆ ಹೋದ್ರೆ 'ಅವನೆಲ್ಲಿ, ಅವನೆಲ್ಲಿ' ಅಂತ ಕೇಳತ್ತೆ. ನಿಮ್ಮ ಆಣೆ!"

ಮರುದಿನ ಸ್ಟೂಲಿನ ಮೇಲಿಂದ ಕೆಮ್ಮು ಕೇಳಿಸಿತು. ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಬಾಟಲಿ ಹಿಡಿದು ಅಂಗಳ ದಾಟಿ ಗೇಟಿಗೆ ನಡೆದಳು.

"ಬಾಯಿ ತೆಗಿ."

"ಬೇಡ ದೊಡ್ಡಮ್ಮ."

ಹನ್ನೊಂದು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ದೊಡ್ಡಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು.

"ನನ್ನ ಮೇಲೆ ಕೋಪವೇನೋ?"

"ನಿಮ್ಮ ಮೇಲೆ ಯಾಕೆ ಕೋಪ? ನೀರು ಕುಡೀತೀನಿ, ಹೋಗತ್ತೆ."

ಅವಳು ಬಾಟಲಿಯನ್ನು ಎದೆಗವಚಿಕೊಂಡು ಹಿಂದಿರುಗಿದಳು. ದುಃಖ ಬಂದರೆ ಅವಳಿಗೂ ಕೆಮ್ಮು ಬರುತ್ತಿತ್ತು. ತಾನೇ ಒಂದು ಮುಚ್ಚಳ ಕುಡಿದಳು. ಎರಡನೆಯದನ್ನೂ ಕುಡಿದಳು. ಆಮೇಲೆ ದುಃಖ ಕೋಪವಾಯಿತು. ಆ ಕೋಪ ಮೇಜಿನ ಮೇಲಿದ್ದ ಪೊಟ್ಟಣಗಳ ಮೇಲೆ ತಿರುಗಿತು.

"ಏನಮ್ಮಾ ಕಾಗದದ ಪಂಡಿತೆ, ಆ ಕಡ್ಡೀನ ನನ್ನ ಬಾಯಿಗೆ ಹಾಕು."

"ನಿಮಗ್ಯಾಕೆ ಅತ್ತೆ? ನೀವೇನು ಲಾರಿ ಓಡಿಸ್ತೀರಾ?"

"ಯಜಮಾನಿಯೂ ಸೇರಿ ಅಂತ ಬರ್ದಿಲ್ವಾ? ಹಾಕು. ಇದರ ಬಣ್ಣ ಇವತ್ತು ಬಯಲು ಮಾಡ್ತೀನಿ."

ಹತ್ತು ನಿಮಿಷ ಅತ್ತೆ ಗಡಿಯಾರ ನೋಡಿದಳು, ಸೊಸೆ ಡಬ್ಬಿ ನೋಡಿದಳು. ನಾಲ್ಕು ಗೆರೆ ಮೂಡಿದವು. ಐದನೆಯದು ಮೂಡಲಿಲ್ಲ.

ದೊಡ್ಡಮ್ಮ ಚಪ್ಪಾಳೆ ತಟ್ಟಿ ಎದ್ದಳು. ಆ ವಯಸ್ಸಿಗೆ ಅಷ್ಟು ಜೋರಾಗಿ ಮೆಟ್ಟಿಲು ಇಳಿಯಬಾರದು, ಆದರೂ ಇಳಿದಳು. "ಬನ್ರೋ ಎಲ್ಲಾರೂ! ಹೇಳಿರ್ಲಿಲ್ವಾ ನಾನು, ಯಂತ್ರಕ್ಕೆ ಹುಚ್ಚು ಹಿಡಿದಿದೆ ಅಂತ! ನನ್ನ ಬಾಯಲ್ಲೂ ಅಫೀಮಂತೆ! ನನ್ನ ಬಾಯಲ್ಲಿ! ಎದ್ದೇಳೋ ಸನ್ಯಾಸಿ, ಆ ಸ್ಟೂಲ್ ಒದ್ದು ಬಾ ಈ ಕಡೆ!"

ಡ್ರೈವರುಗಳು ಸಿಳ್ಳೆ ಹೊಡೆದರು. ಗುಡುಗು ಅವಳನ್ನು ಇನ್ನೇನು ಹೆಗಲ ಮೇಲೆ ಎತ್ತಿಕೊಳ್ಳುವುದರಲ್ಲಿದ್ದ. ಸನ್ಯಾಸಿ ಮಾತ್ರ ಸ್ಟೂಲಿನಿಂದ ಏಳಲಿಲ್ಲ. ಆಫೀಸಿನೊಳಗೆ ಸೊಸೆಯೂ ಕುರ್ಚಿಯಿಂದ ಏಳಲಿಲ್ಲ. ಅವಳ ಕಣ್ಣು ಬಾಟಲಿಯ ಮುಚ್ಚಳದ ಮೇಲೆ ನೆಟ್ಟಿತ್ತು. ಮುಚ್ಚಳದ ಅಂಚಿನಲ್ಲಿ ಒಂದು ಹನಿ ಇನ್ನೂ ತೊಟ್ಟಿಕ್ಕುತ್ತಿತ್ತು.

"ಅತ್ತೆ," ಕಿಟಕಿಯಿಂದ ಮೆಲ್ಲಗೆ ಕರೆದಳು. "ಒಂದು ನಿಮಿಷ ಒಳಗೆ ಬನ್ನಿ."

ದೊಡ್ಡಮ್ಮ ಗೆದ್ದ ಖುಷಿಯಲ್ಲೇ ಬಂದಳು.

"ಈ ಬಾಟಲೀಲಿ ಏನಿದೆ ಅತ್ತೆ?"

"ಜೇನು."

"ಜೇನಿನ ಜೊತೆ?"

"ಡಾಕ್ಟ್ರ ಔಷಧಿ. ದೊಡ್ಡ ಡಾಕ್ಟ್ರು ಬರೆದಿದ್ದು. ಯಾಕೆ?"

ಸೊಸೆ ನಾಲ್ಕನೇ ಪುಟ ತೆಗೆದಳು. ಈ ಸಲ ಫ್ಯಾನಿನ ಮೇಲೆ ಗುಬ್ಬಿ ಇರಲಿಲ್ಲ. ಕೆಮ್ಮು ಅಡಗಿಸುವ ಕೆಲವು ಔಷಧಿಗಳಲ್ಲಿ ಅಫೀಮಿನ ಜಾತಿಯ ವಸ್ತು ಇರುತ್ತದೆ. ಅದು ನಿದ್ದೆ ಬರಿಸುತ್ತದೆ, ಕೈಕಾಲನ್ನು ನಿಧಾನ ಮಾಡುತ್ತದೆ. ವೈದ್ಯರು ಯಾರಿಗೆ ಬರೆದುಕೊಟ್ಟರೋ ಅವರು ಮಾತ್ರ ತೆಗೆದುಕೊಳ್ಳಬೇಕು. ಬೇರೊಬ್ಬರ ಔಷಧಿ ಕುಡಿದು ವಾಹನ ಓಡಿಸುವುದು ಅಪರಾಧ. ಕುಡಿಸಿ ಓಡಿಸಲು ಕಳಿಸುವುದು ಇನ್ನೂ ದೊಡ್ಡ ಅಪರಾಧ.

ದೊಡ್ಡಮ್ಮ ಕೊನೆಯವರೆಗೂ ಕೇಳಿದಳು. ಒಂದು ಕಾಗದವನ್ನು ಕೊನೆಯವರೆಗೆ ಕೇಳಿದ್ದು ಅದೇ ಮೊದಲು. ಆಮೇಲೆ ಎದ್ದು ಗೇಟಿಗೆ ಹೋದಳು. ಈ ಸಲ ನಿಧಾನವಾಗಿ ಇಳಿದಳು.

"ನಿನಗೆ ಗೊತ್ತಿತ್ತೇನೋ?"

ಸನ್ಯಾಸಿ ಸೀಟಿಯ ದಾರವನ್ನು ಬೆರಳಿಗೆ ಸುತ್ತಿದ. "ಅವತ್ತು ಓದುವಾಗ ಕಿಟಕಿ ಹತ್ರ ಇದ್ದೆ. ಆಗ ಹೊಳೀಲಿಲ್ಲ. ಈ ಸ್ಟೂಲ್ ಮೇಲೆ ಕೂತ್ಮೇಲೆ ಹೊಳೀತು. ಇಲ್ಲಿ ಕೂತ್ರೆ ಯೋಚನೆ ಮಾಡೋದು ಬಿಟ್ಟು ಇನ್ನೇನೂ ಕೆಲ್ಸ ಇಲ್ವಲ್ಲ."

"ಮತ್ತೆ ಬಾಯಿ ಬಿಡೋಕೇನಾಗಿತ್ತು ನಿನಗೆ?"

"ಬಿಟ್ಟಿದ್ರೆ ನಿಮ್ಮ ತಲೆಗೆ ಬರ್ತಿತ್ತು. ನಿಮ್ಮ ತಲೆಗೆ ಬಂದ್ರೆ ಒಂಬತ್ತು ಗಾಡಿ ನಿಲ್ಲುತ್ತೆ. ನಾನೊಬ್ಬ ನಿಂತ್ರೆ ಒಂದೇ ಗಾಡಿ."

"ಎಂಥಾ ಕತ್ತೆಯೋ ನೀನು!" ಅಂದಳು ನಗುತ್ತ. ಆ ಅಂಗಳದಲ್ಲಿ ಅದಕ್ಕಿಂತ ದೊಡ್ಡ ಆಶೀರ್ವಾದ ಇರಲಿಲ್ಲ.

ಸನ್ಯಾಸಿಯೂ ನಕ್ಕ. "ಒಂದು ಮಾತು ಹೇಳ್ಲಾ ದೊಡ್ಡಮ್ಮ? ಜೇನು ಕುಡಿದ ದಿನ ರಸ್ತೆಯೆಲ್ಲ ಮೆತ್ತಗೆ ಕಾಣ್ತಿತ್ತು. ಹಾಸಿಗೆ ಹಾಸಿದ ಹಾಗೆ. ಕೆಲವು ಸಲ ತಿರುವು ಬಂದಿದ್ದೂ ಗೊತ್ತಾಗ್ತಿರ್ಲಿಲ್ಲ, ದಾಟಿದ ಮೇಲೆ ಗೊತ್ತಾಗ್ತಿತ್ತು. ದೇವರ ದಯೆ ಅನ್ಕೊಂಡಿದ್ದೆ."

ಆ ಮಾತಿಗೆ ದೊಡ್ಡಮ್ಮನ ನಗು ಅರ್ಧಕ್ಕೇ ನಿಂತಿತು. ಅವಳ ಕಣ್ಣ ಮುಂದೆ ಹನ್ನೊಂದು ವರ್ಷದ ತಿರುವುಗಳೆಲ್ಲ ಒಂದೊಂದಾಗಿ ಬಂದು ಹೋದವು. ಅಲ್ಲೆಲ್ಲ ಯಾರ್ಯಾರೋ ನಡೆದುಹೋಗುತ್ತಿದ್ದರು. ದೇವರ ಹೆಸರು ಹೇಳಿ ಕೀಲಿಕೈ ಕೊಟ್ಟವಳು ತಾನು. ಅದೇ ಕೈಯಿಂದ ಮುಚ್ಚಳ ಎತ್ತಿದವಳೂ ತಾನು.

ಅವಳು ಒಳಗೆ ಹೋಗಿ ಪಟದ ಮುಂದೆ ಕೂತಳು. ಕ್ಷಮೆ ಕೇಳಲಿಲ್ಲ. ಧೈರ್ಯವನ್ನೂ ಬೇಡಲಿಲ್ಲ. ಜಗಳ ತೆಗೆದಳು. 'ಹನ್ನೊಂದು ವರ್ಷ ನೋಡ್ತಾ ಕೂತಿದ್ದೆಯಲ್ಲ, ಒಂದು ಮಾತು ಹೇಳೋಕೇನಾಗಿತ್ತು ನಿನಗೆ?' ದೇವರು ಎಂದಿನಂತೆ ಸುಮ್ಮನಿದ್ದ. ಸ್ವಲ್ಪ ಹೊತ್ತು ಹಾಗೇ ಕೂತ ಮೇಲೆ ಅವಳಿಗೆ ಅನಿಸಿತು, ಅವನು ಸುಮ್ಮನಿರಲಿಲ್ಲ. ಒಂಬತ್ತು ಗಂಟಲಿನಿಂದ ಬೆಳಬೆಳಗ್ಗೆ ಕೆಮ್ಮಿ ಕೆಮ್ಮಿ ಹೇಳುತ್ತಲೇ ಇದ್ದ, ಇಲ್ಲಿ ಒಳಗೆ ಹೋಗಬಾರದ್ದು ಏನೋ ಹೋಗುತ್ತಿದೆ ಎಂದು. ತಾನೇ ಅವನ ಬಾಯಿಗೆ ಜೇನು ಸುರಿದು ಸುಮ್ಮನಾಗಿಸಿದ್ದು.

"ಫಾರಂ ಕೊಡು," ಅಂದಳು ಸೊಸೆಗೆ.

"ಅತ್ತೆ, ಸ್ವಲ್ಪ ಯೋಚನೆ ಮಾಡಿ. ಇದ್ದಿದ್ದು ಇದ್ದ ಹಾಗೆ ಬರೆದ್ರೆ ಅಂಗಳದ ಪರವಾನಗಿಗೇ ಕುತ್ತು ಬರಬಹುದು."

"ಬರೀದೇ ಇದ್ರೆ?"

"ಸನ್ಯಾಸಿಯವರ ಲೈಸೆನ್ಸ್ ಹೋಗತ್ತೆ."

"ಹಾಗಾದ್ರೆ ಪೆನ್ ಕೊಡು. ಮತ್ತೆ ನನ್ನ ಕನ್ನಡಕ ಎಲ್ಲಿ?"

ಮಾಲೀಕರ ಹೇಳಿಕೆ ಎಂಬಲ್ಲಿ ಮೂರು ಸಾಲಿನ ಜಾಗವಿತ್ತು. ದೊಡ್ಡಮ್ಮ ದುಂಡಕ್ಷರದಲ್ಲಿ ಒಂದೂವರೆ ಸಾಲು ಬರೆದಳು. 'ಅವನು ತಾನಾಗಿ ಕುಡಿದದ್ದಲ್ಲ. ನಾನು ದಿನಾ ಕುಡಿಸಿದೆ. ಅದರಲ್ಲಿ ಏನಿದೆ ಎಂದು ಅವನಿಗೆ ತಿಳಿಯದು, ನಾನು ತಿಳಿಯಲು ಹೋಗಲಿಲ್ಲ.'

ಶುಕ್ರವಾರ ಇನ್‌ಸ್ಪೆಕ್ಟರು ಬಂದರು. ಗಿಡ್ಡನೆಯ ಹೆಂಗಸು, ಕೈಯಲ್ಲಿ ದಪ್ಪ ಕಡತ, ಮುಖದಲ್ಲಿ ನಗುವಿಗೆ ಜಾಗವಿಲ್ಲ. ಅಂಗಳದಲ್ಲಿ ನಾಲ್ಕು ಹೆಜ್ಜೆ ಇಟ್ಟರೋ ಇಲ್ಲವೋ, ಹಿಟ್ಟಿನ ಧೂಳಿಗೆ ಜೋರಾಗಿ ಕೆಮ್ಮತೊಡಗಿದರು. ದೊಡ್ಡಮ್ಮನ ಕೈ ತಾನೇ ತಾನಾಗಿ, ತೋರಿಸಲೆಂದು ಮೇಜಿನ ಮೇಲೆ ಇಟ್ಟಿದ್ದ ಬಾಟಲಿಯ ಕಡೆ ಹೋಯಿತು. ಒಂಬತ್ತು ಡ್ರೈವರುಗಳು ಉಸಿರು ಹಿಡಿದರು.

"ಅತ್ತೇ!" ಎಂದಳು ಸೊಸೆ.

"ನೀರು ಕೊಡೋಣ ಅಂತ," ಅಂದಳು ದೊಡ್ಡಮ್ಮ, ಕೈಯನ್ನು ಹೂಜಿಯ ಕಡೆ ತಿರುಗಿಸಿ.

ಇನ್‌ಸ್ಪೆಕ್ಟರು ನೀರು ಕುಡಿದರು, ಹೇಳಿಕೆ ಓದಿದರು, ಇನ್ನೊಂದು ಸಲ ಓದಿದರು. ಬಾಟಲಿಯನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದರು.

"ನಾವಾಗಿ ಕಂಡುಹಿಡಿದಿದ್ರೆ ಇಷ್ಟೊತ್ತಿಗೆ ನಿಮ್ಮ ಗೇಟಿಗೆ ಬೀಗ ಬಿದ್ದಿರ್ತಿತ್ತು. ಗೊತ್ತಾ ಅಮ್ಮ?"

"ಗೊತ್ತು."

"ಇಷ್ಟು ವರ್ಷ ಯಾರಿಗೂ ಏನೂ ಆಗದೇ ಇದ್ದಿದ್ದು ನಿಮ್ಮ ಪುಣ್ಯ."

"ನನ್ನದಲ್ಲ," ಅಂದಳು ದೊಡ್ಡಮ್ಮ.

ಇನ್‌ಸ್ಪೆಕ್ಟರು ಪೆನ್ನು ತೆಗೆದರು. ಡ್ರೈವರು ಹತ್ತು ದಿನ ಬಿಟ್ಟು ಮತ್ತೆ ಪರೀಕ್ಷೆ ಕೊಡಬೇಕು. ಐದೂ ಗೆರೆ ಬಂದರೆ ಈ ಹೇಳಿಕೆಯ ಆಧಾರದ ಮೇಲೆ ಅವನ ಹಾಳೆ ಇದ್ದಂತೆಯೇ ಇರುತ್ತದೆ. ಅಂಗಳಕ್ಕೆ ಲಿಖಿತ ಎಚ್ಚರಿಕೆ, ಇನ್ನೊಮ್ಮೆ ತಪ್ಪಿದರೆ ಪರವಾನಗಿ ಇಲ್ಲ. ಮೂರು ದಿನದ ತರಬೇತಿ ಮುಗಿಸುವವರೆಗೆ ಯಜಮಾನಿ ಯಾರಿಗೂ ಕೀಲಿಕೈ ಕೊಡಕೂಡದು. ಔಷಧಿ ಅಂಗಡಿಗೆ ತಾವೇ ಹೋಗಿ ಮಾತಾಡುವುದಾಗಿ ಹೇಳಿದರು. ಎಲ್ಲ ಬರೆದಾದ ಮೇಲೆ ಒಮ್ಮೆ ತಲೆಯೆತ್ತಿ ಡ್ರೈವರುಗಳ ಬಿಳಿ ಹುಬ್ಬುಗಳನ್ನು ನೋಡಿದರು.

"ಕೆಮ್ಮಿಗೆ ಔಷಧಿ ಹುಡುಕಿದ್ರಲ್ಲ, ಮೂಗಿಗೆ ಒಂದೊಂದು ಮಾಸ್ಕ್ ಕೊಡಬೇಕು ಅಂತ ಯಾರಿಗೂ ಹೊಳೀಲಿಲ್ವಾ? ಆ ಹಳೇ ಲಾರಿ ಕಿಟಕಿ ಮುಚ್ಚಲ್ವಾ?"

ಒಂದು ಲಾರಿಯ ಅಡಿಯಿಂದ, ವರ್ಷಕ್ಕೊಮ್ಮೆ ಕೇಳುವ ಮಗನ ದನಿ ಬಂತು. "ಇವತ್ತೇ ಸರಿಮಾಡ್ತೀನಿ."

ಸನ್ಯಾಸಿಯ ಬದಲಿಗೆ ಈಗ ದೊಡ್ಡಮ್ಮ ಸ್ಟೂಲಿನ ಮೇಲೆ ಕೂತಳು. ಇನ್‌ಸ್ಪೆಕ್ಟರು ಹೇಳಿದ್ದಲ್ಲ. ದಪ್ಪಕ್ಷರದಲ್ಲಿ ಬರೆಸಿದ್ದು ಅವಳೇ. ಅವಳು ಊದಿದ ಸೀಟಿಗೆ ಬೀದಿಯ ಸೈಕಲ್ಲುಗಳೂ ನಿಂತವು. ಡ್ರೈವರುಗಳಿಗೆ ಇಂಥ ದಿನ ಹಿಂದೆ ಬಂದಿರಲಿಲ್ಲ.

"ಗೇಟು ಸ್ವಲ್ಪ ಬೇಗ ತೆಗೀಬೇಕಮ್ಮಾ," ಎನ್ನುತ್ತಿದ್ದ ಗುಡುಗು. "ಹೊಸಬರಾ? ಪರವಾಗಿಲ್ಲ, ಕಲೀತೀರಿ."

"ನಿನ್ನ ಚರ್ಮ ಸುಲೀತೀನಿ, ತಡಿ."

"ಸುಲೀರಿ, ಸುಲೀರಿ. ಮೊದಲು ಸೀಟಿ ಊದಿ."

ಹತ್ತನೆಯ ದಿನ ಸನ್ಯಾಸಿಯ ನಾಲಿಗೆಯಡಿ ಮತ್ತೆ ಕಡ್ಡಿ ಹೋಯಿತು. ಒಂಬತ್ತು ಜನರೂ ಡಬ್ಬಿಯ ಸುತ್ತ ಬಾಗಿ ನಿಂತಿದ್ದರಿಂದ ಸೊಸೆಗೇ ಅದು ಕಾಣಿಸುತ್ತಿರಲಿಲ್ಲ. ಐದನೆಯ ಗೆರೆ ತಡವಾಗಿ, ನಾಚಿಕೊಂಡ ಹಾಗೆ ಮೂಡಿತು. ಗುಡುಗು ಕೂಗಿದ ಕೂಗಿಗೆ ಆಫೀಸಿನ ಒಂಬತ್ತು ಕೀಲಿಕೈಯೂ ಮೊಳೆಯಲ್ಲಿ ಅಲುಗಾಡಿದವು.

ಸೊಸೆ ಕೀಲಿಕೈ ಕೊಟ್ಟಳು. ಸನ್ಯಾಸಿ ಮಾಸ್ಕ್ ಹಾಕಿಕೊಂಡು ಹಳೆಯ ಲಾರಿ ಹತ್ತಿದ. ಅದರ ಕಿಟಕಿಗೆ ಹೊಸ ರಬ್ಬರು ಬಂದಿತ್ತು. ಲಾರಿ ಅಂಗಳ ದಾಟಿ ಗೇಟಿಗೆ ಬಂತು, ಅಲ್ಲಿ ನಿಂತಿತು. ಎಂಜಿನ್ನು ಆರಿತು. ಸನ್ಯಾಸಿ ಕೆಳಗಿಳಿದು ಸ್ಟೂಲಿನ ಮುಂದೆ ಬಂದು, ಕೀಲಿಕೈಯನ್ನು ಅಂಗೈ ಮೇಲಿಟ್ಟು ಚಾಚಿದ.

"ನಾನು ಕೊಡೋ ಹಾಗಿಲ್ಲ ಕಣೋ. ಕ್ಲಾಸಿನ್ನೂ ಎರಡು ದಿನ ಇದೆ."

"ಕೊಡಬೇಡಿ. ಮುಟ್ಟಿ ಸಾಕು."

ದೊಡ್ಡಮ್ಮ ಅವನ ಅಂಗೈ ಮೇಲಿದ್ದ ಕೀಲಿಕೈಗೆ ಬೆರಳು ತಾಗಿಸಿ ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟು, ಕ್ಲಾಸಿನಲ್ಲಿ ಕಲಿಸಿದ್ದ ಪ್ರಶ್ನೆ ಕೇಳಿದಳು.

"ಬೆಳಗ್ಗೆಯಿಂದ ಏನು ಕುಡಿದೆ?"

"ನೀರು."

"ಅದರ ಜೊತೆ?"

"ಇನ್ನೊಂದು ಲೋಟ ನೀರು."

"ಅಲ್ಲಿ ಏನು ನಡೀತಿದೆ?" ಎಂದು ಕಿಟಕಿಯಿಂದ ಸೊಸೆ ಕೂಗಿದಳು. "ಕೀಲಿಕೈ ಮುಟ್ಟೋ ಹಾಗಿಲ್ಲ ಅತ್ತೆ!"

"ಕೊಡಬಾರದು ಅಂತ ಇದೆ, ಮುಟ್ಟಬಾರದು ಅಂತ ಎಲ್ಲಿದೆ? ಕೊನೇವರೆಗೂ ಓದಿದೀನಿ!" ಎಂದು ದೊಡ್ಡಮ್ಮ ತಿರುಗಿ ಕೂಗಿದಳು. ಕೂಗಿದ ಭರಕ್ಕೆ ಧೂಳು ಗಂಟಲಿಗೆ ಹೋಗಿ ಕೆಮ್ಮು ಬಂತು.

ಸನ್ಯಾಸಿ ಲಾರಿಯ ಬಾಗಿಲಿನ ಜೇಬಿನಿಂದ ಇನ್ನೊಂದು ಮಾಸ್ಕ್ ತೆಗೆದ.

"ಹಾಕ್ಕೊಳ್ಳಿ."

"ಬರೀ ಧೂಳು ಕಣೋ…"

"ಧೂಳಿಗೂ ಇದೇ. ಕೆಮ್ಮಿದವರು ಗೇಟು ತೆಗೆಯೋ ಹಾಗಿಲ್ಲ."

ಅವಳು ಹಾಕಿಕೊಂಡಳು. ಹಿಂದೆ ಗುಡುಗಿನ ಲಾರಿ ಹಾರನ್ನು ಬಾರಿಸಿತು. ಅದರ ಹಿಂದೆ ಇನ್ನೂ ಏಳು ಬಾರಿಸಿದವು. ಸೀಟಿಯನ್ನು ಬಾಯಿಗೆ ತಂದಾಗ ದೊಡ್ಡಮ್ಮನಿಗೆ ಗೊತ್ತಾಯಿತು, ಮಾಸ್ಕ್ ಹಾಕಿಕೊಂಡು ಸೀಟಿ ಊದಲಾಗುವುದಿಲ್ಲ. ಸೀಟಿ ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಗೇಟನ್ನು ತಳ್ಳಿ, ಒಂಬತ್ತು ಲಾರಿಯೂ ದಾಟುವ ತನಕ ಕೈ ಬೀಸುತ್ತ ನಿಂತಳು.